ಅಪ್ಪನ ಬಲಗೈಗೊಂದು ಗಾಳದ ಕೋಲು

ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಯಾರಾದರೂ ಮೀನಿನ ಹೆಸರೆತ್ತಿದರೆ ಅವ್ವ ರೊಟ್ಟಿಯ ಬುಟ್ಟಿ ಎತ್ತಿಕೊಂಡು ಒಳಗೆ ಹೋಗಿಬಿಡುತ್ತಿದ್ದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡ ಮನೆತನ ನಮ್ಮದು. ಅಂಥ ಮನೆಗೆ ಮೀನು ಹಿಡಿಯುವ ಕೋಲೊಂದನ್ನು ಆರಿಸಿ ತರುವ ಕೆಲಸ ನನ್ನ ಕೊರಳಿಗೆ ಬಿತ್ತು. ಅದೂ ವರ್ಷದ ಮುಕ್ಕಾಲು ಪಾಲು ಹಳ್ಳದಲ್ಲಿ ಉಸುಕು ಬಿಟ್ಟರೆ ಏನೂ ಕಾಣದ ನಮ್ಮೂರು ಜತ್ತದಲ್ಲಿ. ಅದೂ ಬಾರಕೋಲು ಬಿಟ್ಟು ಬೇರೆ ಕೋಲನ್ನು ಕಣ್ಣೆತ್ತಿ ನೋಡಿರದ ನಮ್ಮ ಅಪ್ಪನಿಗಾಗಿ. ಈಗ ನೆನೆದರೂ ನನಗೆ ತಲೆ ಬಿಸಿಯಾಗುತ್ತದೆ.

ಇಷ್ಟಕ್ಕೆಲ್ಲ ಕಾರಣ ಅಪ್ಪನ ಬಲಗೈ. ಅಪ್ಪ ಎತ್ತಿನ ದಲಾಲ. ಕೊಳ್ಳುವವನನ್ನೂ ಮಾರುವವನನ್ನೂ ಕೂಡಿಸಿ ವ್ಯವಹಾರ ಮುಗಿಸಿಕೊಡುವುದು ಅವನ ಕಸುಬು. ನಮ್ಮ ಕಡೆಯ ದನದ ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಿಂದ ಹೇಳುವ ರೂಢಿ ಇರಲಿಲ್ಲ. ಹೆಗಲ ಮೇಲಿನ ಟವಲನ್ನು ಕೈ ಮೇಲೆ ಹಾಕಿಕೊಂಡು ಅದರ ಕೆಳಗೆ ಇನ್ನೊಬ್ಬನ ಕೈ ಹಿಡಿಯಬೇಕು. ಇಡೀ ಬೆರಳು ಹಿಡಿದರೆ ಒಂದು ಲೆಕ್ಕ, ಗೆಣ್ಣು ಒತ್ತಿದರೆ ಇನ್ನೊಂದು, ಅಂಗೈ ತೀಡಿದರೆ ಮತ್ತೊಂದು. ಸುತ್ತ ನಿಂತ ನೂರು ಜನಕ್ಕೆ ಕಾಣುವುದು ಟವಲಿನ ಅಲುಗಾಟ ಮಾತ್ರ. ಆ ಟವಲಿನ ಕೆಳಗೆ ಅಪ್ಪನ ಬೆರಳು ಜಗಳವಾಡುತ್ತಿತ್ತು, ರಮಿಸುತ್ತಿತ್ತು, ಹೆದರಿಸುತ್ತಿತ್ತು. ಬಾಯಿಂದ ಬೆಲೆ ಹೇಳುವುದೆಂದರೆ ಅವನ ಪಾಲಿಗೆ ಸಂತೆಯ ನಡುವೆ ಧೋತರ ಬಿಚ್ಚಿ ನಿಂತ ಹಾಗೆ.

ಜತ್ತದ ಸಂಸ್ಥಾನ ಹೋಗಿ ಮುಂಬಯಿ ಸರಕಾರ ಬಂದ ಮೇಲಿನ ಮಾತು. ಒಂದು ಬೆಳಿಗ್ಗೆ ಅಪ್ಪನಿಗೆ ಲಕ್ವಾ ಹೊಡೆಯಿತು. ಕಾಲು ಕೆಲವು ವಾರಗಳಲ್ಲಿ ದಾರಿಗೆ ಬಂತು. ನಾಲಿಗೆಗೆ ಏನೂ ಆಗಿರಲಿಲ್ಲ. “ಹೊಡದದ್ದಾದ್ರೂ ಬಾಯಿಗಿ ಹೊಡದಿದ್ರ ಮನ್ಯಾಗ ಶಾಂತಿ ಇರ್ತಿತ್ತು” ಎಂದು ಅವ್ವ ಅವನೆದುರೇ ಅನ್ನುತ್ತಿದ್ದಳು. ಬಲಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ಜೋತುಬಿತ್ತು. ಬೆರಳು ಮಡಚುವುದಕ್ಕೂ ಬರುತ್ತಿರಲಿಲ್ಲ.

ನಡೆದಾಡುವಷ್ಟಾದ ಕೂಡಲೇ ಅಪ್ಪ ಸಂತೆಗೆ ಹೋದ. ಜನ ಒಳ್ಳೆಯವರೇ. ಎದ್ದು ನಿಂತರು, ಚಹಾ ತರಿಸಿದರು. ವ್ಯವಹಾರದ ಹೊತ್ತು ಬಂದಾಗ ಒಬ್ಬ ರೈತ ಪ್ರೀತಿಯಿಂದಲೇ ಅಂದ: “ಯಜಮಾನ್ರ, ಕೈಗಿ ಯಾಕ ತ್ರಾಸ ಕೊಡ್ತೀರಿ, ಬಾಯಿಲೆ ಹೇಳಿಬಿಡ್ರಿ.” ಅಪ್ಪ ಎದ್ದು ಮನೆಗೆ ಬಂದ. ಆ ದಿನ ಊಟ ಮಾಡಲಿಲ್ಲ. ಮರುವಾರದಿಂದ ಸಂತೆಯ ದಿನ ಬಂತೆಂದರೆ ಕಟ್ಟೆಯ ಮೇಲೆ ಗೋಡೆಗೆ ಮುಖ ಮಾಡಿ ಕೂಡುತ್ತಿದ್ದ. ಆ ಬೆರಳು ಮತ್ತೆ ಮಾತಾಡದಿದ್ದರೆ ಅಪ್ಪ ಆ ಗೋಡೆಯ ಮುಂದೆಯೇ ಮುಗಿದುಹೋಗುತ್ತಾನೆ ಎಂದು ನಮಗೆಲ್ಲ ಗೊತ್ತಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

ಮಿರಜಿನಲ್ಲಿ ಒಬ್ಬ ವಯಸ್ಸಾದ ಡಾಕ್ಟರರಿದ್ದರು. ನಾನು ಆಗ ಶಾಲೆಯ ಮಾಸ್ತರ. ರಜೆ ಹಾಕಿ ಅಪ್ಪನನ್ನು ಅವರಲ್ಲಿಗೆ ಕರೆದೊಯ್ದೆ. ಅವರು ಒಂದು ರಬ್ಬರ್ ಚೆಂಡು ಕೊಟ್ಟು, ದಿನವೂ ಇದನ್ನು ಹಿಚುಕಬೇಕು ಎಂದರು. ಊರು ಮುಟ್ಟುವ ತನಕ ಅಪ್ಪ ಚೆಂಡನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡಿದ್ದ. ಮನೆಯ ಬಾಗಿಲಿಗೆ ಬಂದವನೇ ಎಡಗೈಯಿಂದ ತೆಗೆದು ಬೀದಿಯ ನಾಯಿಗೆ ಎಸೆದ.

“ನಾ ಏನ ತೊಟ್ಟಲಕೂಸಂತ ತಿಳದಾನ ಅಂವಾ?”

ಎರಡನೆಯ ಸಲ ಹೋದಾಗ ಚೆಂಡು ಏನಾಯಿತೆಂದು ಡಾಕ್ಟರರು ಕೇಳಿದರು. ನಾನು ಕಳೆದುಹೋಯಿತು ಅಂದೆ. ಅಪ್ಪ ನಾಯಿಗೆ ಕೊಟ್ಟೆ ಅಂದ. ಡಾಕ್ಟರರು ನಕ್ಕರು. ಆಮೇಲೆ ಅಪ್ಪನ ಕಸುಬೇನೆಂದು ವಿಚಾರಿಸಿದರು, ಟವಲಿನ ಮಾತು ಕೇಳಿಸಿಕೊಂಡರು. ಒಳಗೆ ಹೋಗಿ ಒಂದು ಸಪೂರವಾದ ಬಿದಿರಿನ ಕೋಲು ತಂದರು. ಅದಕ್ಕೆ ಫ್ಲೈ ರಾಡ್ ಅನ್ನುತ್ತಾರೆ, ಕೃಷ್ಣೆಯ ದಂಡೆಯಲ್ಲಿ ತಾವು ಅದರಿಂದ ಮೀನು ಹಿಡಿಯುತ್ತೇವೆ ಎಂದು ಮರಾಠಿಯಲ್ಲಿ ವಿವರಿಸಿದರು. ಬೇರೆ ಗಾಳಕ್ಕೆ ಸೀಸದ ಗುಂಡು ಕಟ್ಟಿ ನೀರಿಗೆ ಎಸೆಯುತ್ತಾರೆ. ಇದಕ್ಕೆ ಗುಂಡಿಲ್ಲ. ದಾರವೇ ದಪ್ಪ, ದಾರಕ್ಕೇ ತೂಕ. ಅದರ ತುದಿಗೆ ಪುಕ್ಕದಿಂದ ಕಟ್ಟಿದ ಸುಳ್ಳು ನೊಣ. ಕೋಲನ್ನು ಹಿಂದಕ್ಕೆ ಬೀಸಿ, ದಾರ ಹಿಂದೆ ಪೂರ್ತಿ ಚಾಚುವ ತನಕ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಆ ತಡೆಯುವ ಹೊತ್ತು ಎಷ್ಟೆಂಬುದು ಕೈಗೆ ಮಾತ್ರ ತಿಳಿಯುತ್ತದೆ.

ಹಿತ್ತಲಿಗೆ ಹೋಗಿ ಬೀಸಿ ತೋರಿಸಿದರು. ದಾರ ಅವರ ತಲೆಯ ಮೇಲೆ ಹಿಂದೆ ಹೋಗಿ, ಮುಂದೆ ಬಂದು, ದೂರದ ಒಂದು ಒಣ ಎಲೆಯ ಮೇಲೆ ಸದ್ದಿಲ್ಲದೆ ಕೂತಿತು. ಅಪ್ಪ ಕಣ್ಣು ಮಿಟುಕಿಸದೆ ನೋಡಿದ. ಜಗತ್ತಿನಲ್ಲಿ ಅಪ್ಪ ಮರ್ಯಾದೆ ಕೊಡುತ್ತಿದ್ದದ್ದು ಒಂದಕ್ಕೇ, ಪಳಗಿದ ಕೈಗೆ. ಹೊರಗೆ ಬಂದ ಮೇಲೆ ನನ್ನ ಮುಖ ನೋಡದೆ ಅಂದ:

“ಆ ಕೋಲ ಎಲ್ಲಿ ಸಿಗತೈತಿ, ಕೇಳ್ಕೊಂಡ ಬಾ.”

ನಾನು ಮತ್ತೆ ಒಳಗೆ ಹೋದೆ. ತಮ್ಮ ಕೋಲನ್ನು ಮಾತ್ರ ಕೇಳಬೇಡಿ ಎಂದು ಡಾಕ್ಟರರು ಮೊದಲೇ ಹೇಳಿದರು. ಸ್ಟೇಶನ್ನಿನ ಹತ್ತಿರ ಒಂದು ಅಂಗಡಿ ಇದೆ, ಊರು ಬಿಟ್ಟು ಹೋದ ಇಂಗ್ಲಿಷರ ಸಾಮಾನು ಅಲ್ಲಿ ಬಂದು ಬಿದ್ದಿದೆ, ಅಲ್ಲಿ ಆರಿಸಿ ಎಂದರು. ಹೊಸಬನ ಕೋಲು ಹೇಗಿರಬೇಕೆಂದೂ ತಿಳಿಸಿಕೊಟ್ಟರು. ಹಗುರವಾಗಿರಬೇಕು. ಉದ್ದ ಒಬ್ಬ ಆಳಿನ ಒಂದೂವರೆಯಷ್ಟು ಸಾಕು. ಬಿರುಸಾದ ಕೋಲು ಕಲಿತವರಿಗೆ. ಕಲಿಯುವವನಿಗೆ ಬುಡದ ತನಕ ಬಳಕುವ, ನಿಧಾನದ ಕೋಲು ಬೇಕು, ಆಗಲೇ ದಾರ ಎಳೆಯುವುದು ಬೆರಳಿಗೆ ಗೊತ್ತಾಗುವುದು. ಹಿಡಿ ಅಂಗೈಯಲ್ಲಿ ತುಂಬಿ ಕೂಡಬೇಕು. ಒಂದೇ ಕೈಯಲ್ಲಿ, ಬಲಗೈಯಲ್ಲಿ ಬೀಸಬೇಕು. ಮೀನು ಬೇಡದಿದ್ದರೆ ಗಾಳವೂ ಬೇಡ, ನೀರೂ ಬೇಡ, ದಾರದ ತುದಿಗೆ ಒಂದು ಚಿಟಿಕೆ ಉಣ್ಣೆ ಕಟ್ಟಿದರೆ ಸಾಕು. ಇಷ್ಟನ್ನೂ ನಾನು ಬಾಯಿಪಾಠ ಮಾಡಿಕೊಂಡೆ. ಮಾಡಿಕೊಂಡು ಏನು ಬಂತು?

ಆ ದಿನ ನಮ್ಮ ಜೊತೆಗೆ ಮುಚ್ಚಂಡಿಯ ಸೋದರಮಾವನೂ ಬಂದಿದ್ದ. ಕರೆದಿರಲಿಲ್ಲ, ಬಂದಿದ್ದ. ಒಕ್ಕಲುತನದವನು. ಬಾರಕೋಲು, ಕೊಡಲಿಯ ಕಾವು, ಕುಂಟೆಯ ಮೇಳಿ, ಯಾವ ಕಟ್ಟಿಗೆ ಎಲ್ಲಿಗೆ ಒದಗುತ್ತದೆ ಎಂಬುದರಲ್ಲಿ ಏಳು ಹಳ್ಳಿಗೆ ತಾನೇ ಪಂಡಿತ ಎಂದು ಅವನ ನಂಬಿಕೆ. ಅಂಗಡಿಯ ಮೆಟ್ಟಿಲು ಹತ್ತುವಾಗಲೇ ನನ್ನ ಹೆಗಲ ಮೇಲೆ ಕೈ ಹಾಕಿ, “ನೀ ಸಾಲಿ ಕಲಿಸಾಂವ, ಸುಮ್ಮನ ಕುಂದ್ರು. ಕೋಲಿನ ಮಾತು ನನಗ ಬಿಡು” ಅಂದ.

ಅಂಗಡಿಯಲ್ಲಿ ಕುದುರೆಯ ಜೀನು, ಮುರಿದ ಗ್ರಾಮಫೋನು, ಟೆನಿಸ್ ಬ್ಯಾಟು, ಎಲ್ಲದರ ಮೇಲೂ ಒಂದೇ ಧೂಳು. ಅಂಗಡಿಯವನಿಗೆ ಮೀನಿನ ಕೋಲೆಂದರೆ ಏನೆಂದು ಗೊತ್ತಿರಲಿಲ್ಲ. ಒಂದು ಮೂಲೆ ತೋರಿಸಿ ತನ್ನ ಪಾಡಿಗೆ ತಾನು ಅಡಿಕೆ ಕತ್ತರಿಸುತ್ತ ಕೂತ. ಮೂಲೆಯಲ್ಲಿ ಕ್ಯಾನ್ವಾಸಿನ ಚೀಲಗಳಲ್ಲಿ ಕೋಲುಗಳಿದ್ದವು. ಒಂದು ಚೀಲ ಬಿಚ್ಚಿದೆ. ಕೋಲು ಮೂರು ತುಂಡಾಗಿತ್ತು.

ಅಪ್ಪ ಹಿಂದೆ ಸರಿದ. “ಮುರದ ಕೋಲ ಯಾಕ ತೋರಸ್ತಾನ?”

“ಮುರದಿಲ್ಲಪ್ಪಾ, ಜೋಡಸೂದು ಇರತೈತಿ.”

“ಜೋಡಸಿದ ಕೋಲು ಮನಿಗಿ ಒಯ್ಯಬಾರದು.”

ತುಂಡುಗಳನ್ನು ಒಂದರೊಳಗೊಂದು ಸೇರಿಸಿ ತೋರಿಸಿದೆ. ಕೂಡುವ ಜಾಗದಲ್ಲಿ ಹಿತ್ತಾಳೆಯ ಕೊಳವೆ ಇತ್ತು. ಅದು ಎತ್ತಿನ ಕೋಡಿಗೆ ಹಾಕುವ ಅಣಸಿನ ಹಾಗೆ ಕಂಡದ್ದರಿಂದ ಅಪ್ಪ ಸ್ವಲ್ಪ ಸಮಾಧಾನಗೊಂಡ. ಅಷ್ಟರಲ್ಲಿ ಮಾವ ಕೋಲು ಕಸಿದುಕೊಂಡ. ಒಂದು ಕಣ್ಣು ಮುಚ್ಚಿ ಅದರ ನೇರ ನೋಡಿದ. ಬುಡವನ್ನು ನೆಲಕ್ಕೆ ಕುಟ್ಟಿ ಸದ್ದು ಕೇಳಿದ. ಮೊಳಕಾಲ ಮೇಲೆ ಇಟ್ಟು ಒತ್ತಿದ. ಡಾಕ್ಟರರು ಹೇಳಿದ ಹಾಗೆಯೇ ಅದು ಬುಡದ ತನಕ ಚಂದಾಗಿ ಬಳಕಿತು.

“ಛೇ, ಇದು ಬಳಕತೈತಿ” ಎಂದು ಮಾವ ಅದನ್ನು ಬದಿಗಿಟ್ಟ. “ಬಳಕೂ ಕೋಲಿಗಿ ಎತ್ತು ಅಂಜೂದಿಲ್ಲ.”

“ಮಾಮಾ, ಇದು ಎತ್ತಿಗಲ್ರಿ. ಮೀನಿಗಿ.”

“ಮೀನಿಗಾದ್ರೂ ಅಂಜಿಕಿ ಬ್ಯಾಡೇನು?”

ಇಂಥವರೊಂದಿಗೆ ಏನು ಮಾತಾಡುವುದು? ನಮ್ಮ ಸೀಮೆಯಲ್ಲಿ ಬಳಕುವ ಕೋಲೆಂದರೆ ಕೆಟ್ಟ ಕೋಲು. ಕುರುಬರ ಕೈಯಲ್ಲಿರಲಿ, ಒಕ್ಕಲಿಗರ ಕೈಯಲ್ಲಿರಲಿ, ಗಟ್ಟಿ ಇರಬೇಕು, ತೂಕ ಇರಬೇಕು, ನೆಟ್ಟಗೆ ನಿಲ್ಲಬೇಕು. ಡಾಕ್ಟರರು ಹೇಳಿದ ಒಂದೊಂದು ಗುಣವನ್ನೂ ನಾನು ಹೇಳುತ್ತ ಹೋದೆ. ಮಾವ ಒಂದೊಂದನ್ನೂ ದೋಷವೆಂದು ಲೆಕ್ಕ ಹಿಡಿಯುತ್ತ ಹೋದ. ಹಗುರ ಅಂದರೆ ಒಳಗೆ ಹುಳ ತಿಂದಿದೆ. ಸಪೂರ ಅಂದರೆ ಎಳೆ ಬಿದಿರು. ಕೊನೆಗೆ ಅವನೇ ಮೂಲೆಯ ತಳದಿಂದ ಒಂದು ದೈತ್ಯ ಕೋಲನ್ನು ಎಳೆದು ತಂದ. ಜೋಡಿಸಿದರೆ ಅದರ ತುದಿ ಅಂಗಡಿಯ ಬಾಗಿಲು ದಾಟಿ ರಸ್ತೆಗೆ ಹೋಯಿತು. ಹಿಡಿಯೇ ಮೊಳದುದ್ದ; ಯಾವುದೋ ದೇಶದ ದೊಡ್ಡ ಹೊಳೆಯಲ್ಲಿ, ಎರಡು ಕೈಯಲ್ಲಿ ಹಿಡಿದು ದೊಡ್ಡ ಮೀನಿಗೆ ಬೀಸುವ ಕೋಲು ಅದು. ಮಾವ ಅದನ್ನು ನೆಲಕ್ಕೆ ಕುಟ್ಟಿದ. ಘಣಘಣ ಅಂದಿತು.

“ನೋಡ್ರಿ ಭಾವಾರ, ಇದು ಮಾಲು” ಎಂದು ಅಪ್ಪನಿಗೆ ಕೊಟ್ಟ.

ಅಪ್ಪ ಎಡಗೈಯಲ್ಲಿ ಹಿಡಿದು ತೂಗಿದ. ಬಲಗೈಯನ್ನು ಅದರ ಮೇಲೆ ಸುಮ್ಮನೆ ಇಟ್ಟುಕೊಂಡ. ಮುಖದಲ್ಲಿ ಬೆಳಕು ಬಂತು. “ತೂಕ ಐತಿ” ಅಂದ. ಅಲ್ಲಿಗೆ ನನ್ನ ಮಾತು ಮುಗಿಯಿತು. ಅಪ್ಪ ಹಿಡಿದ ಮೊಲಕ್ಕೆ ಮೂರೇ ಕಾಲು.

ಅಂಗಡಿಯವನು ಖುಷಿಯಿಂದ ದಾರ ಸುತ್ತಿದ ರೀಲಿನ ಜೊತೆಗೆ ಒಂದು ತಗಡಿನ ಡಬ್ಬಿಯನ್ನೂ ಮೇಲೆ ಕೊಟ್ಟ. ಅದರ ತುಂಬ ಪುಕ್ಕದ ನೊಣಗಳು, ಕೊಕ್ಕಿ ಸಮೇತ. ಅವನು ಕೊಟ್ಟ ಚೀಲ ಬೇರೆ ಕೋಲಿನದಾದ್ದರಿಂದ ಈ ಕೋಲಿನ ತುಂಡುಗಳು ಅದರಲ್ಲಿ ಹಿಡಿಯಲಿಲ್ಲ. ಊರಿನ ಮೋಟಾರು ಬಸ್ಸಿನ ಟಪ್ಪಿನ ಮೇಲೆ ಹಗ್ಗದಿಂದ ಕಟ್ಟಿದೆವು. ಮಾವನಿಗೆ ಹಗ್ಗದ ಮೇಲೆ ನಂಬಿಕೆ ಸಾಲದೆ ದಾರಿಯಲ್ಲಿ ಸಿಗುವ ಡಫಳಾಪುರದ ತನಕ ನಿಲ್ಲಿಸಿದಲ್ಲೆಲ್ಲ ನನ್ನನ್ನು ಮೇಲೆ ಹತ್ತಿಸಿದ. ಕಂಡಕ್ಟರ್ ನನ್ನನ್ನು ಬೈದ, ಮಾವನನ್ನಲ್ಲ.

ಮನೆಗೆ ಬಂದರೆ ಅವ್ವ ಹೊಸ್ತಿಲಲ್ಲಿ ನಿಂತಿದ್ದಳು. ಡಬ್ಬಿ ತೆಗೆಸಿ ನೋಡಿದಳು.

“ಇದರಾಗ ಕೊಕ್ಕಿ ಐತಿ.”

“ಮೀನದ ಬಾಯಿಗಿ ಸಿಗಾಕ ಅವ್ವ. ನಾವೇನ ಹಿಡಿಯೂದಿಲ್ಲ.”

“ಹಿಡಿಯೂದಿಲ್ಲಂದ್ರ ತಂದದ್ದ್ಯಾಕ? ನಿಮ್ಮಪ್ಪ ಲಿಂಗಪೂಜಿ ಮಾಡೂ ಮನಿ ಇದು. ಕೊಕ್ಕಿ ಹೊಸ್ತಿಲಾ ದಾಟಬಾರದು.”

ಡಬ್ಬಿಯನ್ನು ದನದ ಕೊಟ್ಟಿಗೆಯ ಮಾಡಿನಲ್ಲಿ ಸಿಕ್ಕಿಸಿ ಬಂದೆ. ಮಾಡಗ್ಯಾಳದ ಕುರುಬರು ಕಂಬಳಿಗೆಂದು ಕೊಟ್ಟಿದ್ದ ಉಣ್ಣೆ ಮನೆಯಲ್ಲಿತ್ತು. ಅದರಲ್ಲೊಂದು ಚಿಟಿಕೆ ತೆಗೆದು ಅವ್ವನೇ ಉಂಡೆ ಮಾಡಿ ದಾರದ ತುದಿಗೆ ಬಿಗಿದು ಕಟ್ಟಿಕೊಟ್ಟಳು. ದಾರ ರೇಷ್ಮೆಯದು, ಒಣಗಿ ಸೆಟೆದಿತ್ತು. ಅದಕ್ಕೆ ಅಗಸೆ ಎಣ್ಣೆ ತೀಡಿದವಳೂ ಅವಳೇ.

ಮನೆಯ ಹಿಂದಿನ ಕಣದಲ್ಲಿ ಅಭ್ಯಾಸ ಶುರುವಾಯಿತು. ದಿನಾ ಬೆಳಿಗ್ಗೆ, ನಾನು ಶಾಲೆಗೆ ಹೋಗುವ ಮೊದಲು. ಅಪ್ಪ ಆ ದೈತ್ಯ ಕೋಲನ್ನು ಎತ್ತಿ ಬೀಸುತ್ತಿದ್ದ. ಜೋರಾಗಿಯೇ ಬೀಸುತ್ತಿದ್ದ. ಉಣ್ಣೆಯ ಉಂಡೆ ಜಾಲಿಯ ಗಿಡದಲ್ಲಿ ಸಿಕ್ಕುತ್ತಿತ್ತು, ಬಣವೆಯಲ್ಲಿ ಸಿಕ್ಕುತ್ತಿತ್ತು, ಒಮ್ಮೆ ಪಕ್ಕದ ಮನೆಯ ಹಿರಿಯರ ತಲೆಯ ಪಟಗಕ್ಕೆ ಸುತ್ತಿಕೊಂಡು ಅದನ್ನು ಬಿಚ್ಚಿಯೇ ಬಂತು. ದಾರಿಯಲ್ಲಿ ಹೋಗುವವರೆಲ್ಲ ನಿಂತು, “ಏನ್ರಿ ಮಾಸ್ತರ, ಕಣದಾಗ ಮೀನ ಬೀಳಾಕ ಹತ್ಯಾವೇನ್ರಿ?” ಎಂದು ಕೇಳುತ್ತಿದ್ದರು. ಒಬ್ಬನಾದ ಮೇಲೆ ಒಬ್ಬ ಅದೇ ಮಾತು. ತಾನೇ ಮೊದಲು ಅಂದೆನೆಂಬ ಹಾಗೆ ಪ್ರತಿಯೊಬ್ಬನೂ ನಗುತ್ತಿದ್ದ.

ಇದನ್ನೆಲ್ಲ ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಾಗದಿದ್ದದ್ದು ಇನ್ನೊಂದು. ಎರಡು ಕೈಯ ಕೋಲಿನಲ್ಲಿ ಕೆಲಸವೆಲ್ಲ ಎಡಗೈಯದಾಗಿತ್ತು. ಬಲಗೈ ಹಿಡಿಯ ಮೇಲೆ ಕೂತು ಸವಾರಿ ಮಾಡುತ್ತಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಅಪ್ಪನ ಎಡಗೈ ಪೈಲವಾನನ ಕೈಯಾಯಿತು. ಬಲಗೈಯ ರಟ್ಟೆ ಅಷ್ಟಿಷ್ಟು ಏಳುತ್ತಿತ್ತು, ಬೆರಳು ಮಾತ್ರ ಇದ್ದ ಹಾಗೇ ಇತ್ತು. ಕೋಲು ಬದಲಿಸೋಣ ಎಂದು ನಾನು ಮೆಲ್ಲಗೆ ಹೇಳಿದೆ. ಜೋರಾಗಿ ಹೇಳಿದೆ. ಅವ್ವನಿಂದ ಹೇಳಿಸಿದೆ. ಉತ್ತರ ಒಂದೇ:

“ಒಮ್ಮಿ ಯವಾರ ಮುಗದ ಮ್ಯಾಲ ಮುಗೀತು. ತಿರುಗಿ ಕೊಡೂದು ನಮ್ಮ ಮನಿತನದಾಗಿಲ್ಲ.”

ದನದ ಸಂತೆಯ ಕಟ್ಟಳೆ ಅದು. ಟವಲಿನ ಕೆಳಗಿನಿಂದ ಕೈ ಬಿಟ್ಟವೆಂದರೆ ವ್ಯವಹಾರ ಕಲ್ಲಿನ ಮೇಲೆ ಬರೆದ ಹಾಗೆ. ಎತ್ತು ಮರುದಿನ ಕುಂಟಿದರೂ ಕೊಂಡವನು ತುಟಿ ಬಿಚ್ಚುವಂತಿಲ್ಲ. ಆ ಕಟ್ಟಳೆಯ ಹೆಸರಿನಲ್ಲಿ ಒಂದು ಹಾಳು ಕೋಲಿಗೆ ಅಪ್ಪ ತನ್ನ ಕೈಯನ್ನು ಬಲಿ ಕೊಡುತ್ತಿದ್ದ. ಒಂದು ದಿನ ದಾರ ಏಳನೆಯದೋ ಎಂಟನೆಯದೋ ಸಲ ಜಾಲಿಗೆ ಸಿಕ್ಕಾಗ, ಮುಳ್ಳು ಚುಚ್ಚಿಸಿಕೊಂಡು ಬಿಡಿಸಿ ತರುವಾಗ, ನನ್ನ ನೆತ್ತಿಗೇರಿತು.

“ಯವಾರ, ಯವಾರ ಅಂತೀಯಲ್ಲ, ಎಲ್ಲಿ ಆತು ಯವಾರ? ಅಂಗಡ್ಯಾಂವ ಬಾಯಿಲೆ ಕಿಮ್ಮತ್ತ ಹೇಳಿದ, ನಾ ರೊಕ್ಕ ಕೊಟ್ಟೆ. ನೀ ಟವಲ ಹಾಕೇ ಇಲ್ಲ. ನಿನ್ನ ಕೈ ಯಾರ ಹಿಡದ್ರು?”

ಅಪ್ಪ ಕೋಲನ್ನು ಮೆಲ್ಲಗೆ ನೆಲಕ್ಕೆ ಇಟ್ಟ. ಆಮೇಲೆ, ನನಗಲ್ಲ, ಕಣದ ನಡುವಿನ ಮೇಟಿ ಕಂಬಕ್ಕೆ ಹೇಳಿದ ಹಾಗೆ ಅಂದ:

“ಖರೆ. ಯಾರೂ ಹಿಡದಿಲ್ಲ. ಯಾರೂ ಹಿಡಿಯೂದಿಲ್ಲ ಈಗ.”

ಬೈದಿದ್ದರೆ ನಾನೂ ಬೈಯುತ್ತಿದ್ದೆ. ಅವನು ಬೈಯಲಿಲ್ಲ. ಆ ದಿನ ಶಾಲೆಯಲ್ಲಿ ಏನು ಪಾಠ ಮಾಡಿದೆನೋ ಗೊತ್ತಿಲ್ಲ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅಪ್ಪ ಪಟಗ ಸುತ್ತಿಸಿಕೊಂಡು, ಕೋಲಿನ ತುಂಡುಗಳನ್ನು ಕಂಬಳಿಯಲ್ಲಿ ಸುತ್ತಿ ಕಟ್ಟೆಯ ಮೇಲೆ ಕೂತಿದ್ದ.

“ಮಿರಜಿಗಿ ಮೋಟಾರ ಬರೂ ಹೊತ್ತಾತು. ಲಗೂನ ಏಳು. ನಿಮ್ಮ ಮಾವಗ ಹೇಳಬ್ಯಾಡ.”

ಅಂಗಡಿಯವನು ಅಡಿಕೆ ಕತ್ತರಿಸುವುದನ್ನೂ ನಿಲ್ಲಿಸದೆ ಅದಲುಬದಲಿಗೆ ಒಪ್ಪಿದ. ಕೊಕ್ಕಿಯ ಡಬ್ಬಿಯನ್ನು ಅವನ ಮುಂದಿಟ್ಟು ನಾನು ಉಸಿರು ಬಿಟ್ಟೆ. ಈ ಸಲ ಕಣ್ಣಿನಿಂದ ಆರಿಸುವುದು ಬೇಡವೆಂದು ನಿಶ್ಚಯಿಸಿದ್ದೆ. ಹಗುರವಾದ ಕೋಲುಗಳನ್ನಷ್ಟೇ ಜೋಡಿಸಿದೆ. ಅಪ್ಪನಿಗೆ ಕಣ್ಣು ಮುಚ್ಚಿಕೋ ಎಂದೆ. ಒಂದೊಂದನ್ನೇ ಬಲಗೈಯ ಅಂಗೈಯಲ್ಲಿಟ್ಟು, ಬೆರಳುಗಳನ್ನು ನಾನೇ ಮಡಚಿ ಸುತ್ತಿಸಿದೆ. ಮಡಚಿದರೆ ಅವು ಹಾಗೇ ಮಡಚಿ ನಿಲ್ಲುವಷ್ಟಾಗಿದ್ದವು, ಅಷ್ಟೇ.

“ಕುಂಬಾರ ಗಡಿಗಿ ತೋರಿಸಿದಂಗ ತೋರಸ್ತಿ” ಎಂದು ಕಣ್ಣು ಮುಚ್ಚಿಕೊಂಡೇ ಗೊಣಗಿದ.

ನನಗೆ ಒಪ್ಪಿಗೆಯಾದದ್ದು ಒಂದಿತ್ತು. ಹೊಸದು, ಜೇನಿನ ಬಣ್ಣದ ವಾರ್ನಿಶು, ಚೂರೂ ಎದ್ದಿಲ್ಲ. ಅಪ್ಪ ಅದನ್ನು ಹಿಡಿದು, “ಇದಕ್ಕ ಜೀವ ಇಲ್ಲ” ಅಂದ. ಇನ್ನೊಂದಕ್ಕೆ, “ಇದರ ತಲಿ ಭಾರ.” ಮತ್ತೊಂದಕ್ಕೆ, “ಇದು ಅವಸರದ್ದು.” ಕೊನೆಗೆ ಉಳಿದದ್ದು ಬಣ್ಣ ಹೋದ, ತೊಗಟೆ ಎದ್ದ ಬೆಂಡಿನ ಹಿಡಿಯ ಒಂದು ಹಳೆಯ ಕೋಲು. ಹಿಂದಿನ ಯಜಮಾನನ ಹೆಬ್ಬೆರಳು ಕೂತು ಕೂತು ಹಿಡಿಯಲ್ಲಿ ಗುಳಿ ಬಿದ್ದಿತ್ತು. ಅದನ್ನು ಅಂಗೈಗಿಟ್ಟಾಗ ಅಪ್ಪ ಎಡಗೈಯಿಂದ ಆ ಗುಳಿಯನ್ನು ತಡವಿದ.

ಅಂಗಡಿಯ ಹಿಂದಿನ ಓಣಿಗೆ ಹೋದೆವು. ರೀಲು ಹಾಕಿ, ದಾರ ಪೋಣಿಸಿ, ನನ್ನ ಕೈಯನ್ನು ಅವನ ಕೈಯ ಮೇಲಿಟ್ಟು ಒಮ್ಮೆ ಹಿಂದಕ್ಕೆ ಬೀಸಿದೆ. ಕೋಲು ಬುಡದ ತನಕ ಬಾಗಿತು. ಅಪ್ಪ ಕಣ್ಣು ತೆರೆದ.

“ಕೈ ತಗಿ.”

“ಬೀಳತೈತಿ ಅಪ್ಪಾ.”

“ತಗಿ ಅಂದೆ.”

ತೆಗೆದೆ. ಒಂದೇ ಕೈಯಲ್ಲಿ, ಬಲಗೈಯಲ್ಲಿ, ಎರಡು ಮಾರು ದಾರವನ್ನು ಹಿಂದಕ್ಕೆ ಬೀಸಿದ. ಮುಂದಕ್ಕೆ ಬರುವಷ್ಟರಲ್ಲಿ ಕೋಲು ಜಾರಿ ಮೋರಿಯ ಬದಿಗೆ ಬಿತ್ತು. ನಾನು ಎತ್ತಲು ಬಾಗಿದರೆ ಅಪ್ಪ ತನ್ನ ಕೈಯನ್ನೇ ನೋಡುತ್ತಿದ್ದ.

“ಹಿಂದ ಎಳೀತು” ಅಂದ.

“ಏನು?”

“ದಾರ. ಹಿಂದ ಹೋಗಿ ನಿಂತು ಎಳೀತು. ಬೆರಳಿಗಿ ಗೊತ್ತಾತು.”

ಲಕ್ವಾ ಹೊಡೆದ ಮೇಲೆ ಬೆರಳಿಗೆ ಗೊತ್ತಾಯಿತೆಂದು ಅಪ್ಪನ ಬಾಯಿಂದ ಬಂದದ್ದು ಅದೇ ಮೊದಲು. ಆ ಹಳೆಯ ಕೋಲನ್ನೇ ತಂದೆವು. ಹೊಸದನ್ನು ಬಿಟ್ಟು ಹಳೆಯದನ್ನು ಆರಿಸಿದನಲ್ಲ ಎಂಬ ಹೊಟ್ಟೆಯುರಿ ಮಾತ್ರ ಊರು ಬರುವ ತನಕ ನನಗೆ ಆರಲಿಲ್ಲ.

ಇದಾದ ಮೇಲೆ ಎಲ್ಲ ಸರಿಹೋಯಿತೆಂದು ತಿಳಿದುಕೊಳ್ಳಬೇಡಿ. ಅಪ್ಪನಂಥ ಶಿಷ್ಯನನ್ನು ನಾನು ನನ್ನ ಇಡೀ ನೌಕರಿಯಲ್ಲಿ ಕಾಣಲಿಲ್ಲ. ತಡೆ ಎಂದರೆ ಬೀಸುತ್ತಿದ್ದ, ಬೀಸು ಎಂದರೆ ನನ್ನ ನಿಲುವು ಸರಿಯಿಲ್ಲವೆಂದು ಬೈಯುತ್ತಿದ್ದ. ದಾರ ಗಂಟಾದರೆ ಅದು ಗಾಳಿಯ ತಪ್ಪು, ಸಿಕ್ಕಿಕೊಂಡರೆ ಜಾಲಿಯ ತಪ್ಪು. ಕುಣಿಯಲಾರದವಳಿಗೆ ನೆಲ ಡೊಂಕು. ಮಳೆಗಾಲದಲ್ಲಿ ಕೆರೆಗೆ ನಾಲ್ಕು ಬೊಗಸೆ ನೀರು ಬಂದಾಗ ಅಲ್ಲಿಗೆ ಹೋಗೋಣವೆಂದು ಹಟ ಹಿಡಿದ, ಹೋದೆವು. ನೀರಿನ ಮೇಲೆ ಬಿದ್ದ ಉಣ್ಣೆಯನ್ನು ಯಾವುದೋ ಮೀನು ನಿಜವಾಗಿಯೂ ಬಾಯಿ ಹಾಕಿ ಎಳೆಯಿತು. ಅಪ್ಪ ಬೆಚ್ಚಿ ಕೋಲು ಕೈಬಿಟ್ಟ. ಆಮೇಲೆ, “ಪಾಪ, ಅದಕ್ಕ ನೋವಾತೇನೋ” ಎಂದು ನನ್ನನ್ನೇ ಕೇಳಿದ. ಕೊಕ್ಕಿಯೇ ಇಲ್ಲವಲ್ಲಪ್ಪಾ ಎಂದು ಮೂರು ಸಲ ಹೇಳಬೇಕಾಯಿತು. ಮನೆಗೆ ಬಂದು ಸ್ನಾನ ಮಾಡಿದ, ನನಗೂ ಮಾಡಿಸಿದ.

ಬೆರಳು ಬಂತು. ಒಂದೇ ಸಲಕ್ಕೆ ಬರಲಿಲ್ಲ, ಎಲ್ಲವೂ ಬರಲಿಲ್ಲ. ಮೊದಲು ಹೆಬ್ಬೆರಳು, ಆಮೇಲೆ ತೋರುಬೆರಳು, ಅದರ ಹಿಂದೆ ನಡುಬೆರಳು. ಉಳಿದೆರಡು ಕೊನೆಯ ತನಕ ಅರ್ಧ ನಿದ್ದೆಯಲ್ಲೇ ಇದ್ದವು. ಮುಂದಿನ ಸುಗ್ಗಿಯ ಹೊತ್ತಿಗೆ ಅಪ್ಪ ದಾರವನ್ನು ಕಣದ ಈ ಬದಿಯಿಂದ ಆ ಬದಿಗೆ ಹಾಕುತ್ತಿದ್ದ. ಅದರಿಂದ ಸಂತೆಯಲ್ಲಿ ಏನಾಗುತ್ತದೆಂದು ನಾನು ಕೇಳುವ ಧೈರ್ಯ ಮಾಡಲಿಲ್ಲ.

ಒಂದು ಸಂತೆಯ ದಿನ ನನಗೆ ಹೇಳದೆ ಕೇಳದೆ ಟವಲು ಹೆಗಲಿಗೆ ಹಾಕಿಕೊಂಡು ಹೊರಟ. ನಾನು ಹಿಂದೆ ಓಡಿದೆ. ಗುರುತಿನವನೊಬ್ಬ ಒಂದು ಜೊತೆ ಎತ್ತು ಮಾರಲು ತಂದಿದ್ದ. ಅಪ್ಪ ಅವನ ಪರವಾಗಿ ನಿಂತ. ಕೊಳ್ಳಲು ಬಂದವನು ಡಫಳಾಪುರದ ರೈತ, ಗಟ್ಟಿಮುಟ್ಟು ಆಳು. ಎತ್ತಿನ ಹಲ್ಲು ನೋಡಿದ, ಬೆನ್ನು ತಟ್ಟಿದ, ನಡೆಸಿ ನೋಡಿದ. ಆಮೇಲೆ ಅಪ್ಪನ ಕಡೆ ತಿರುಗಿ, ಮೃದುವಾಗಿ, “ಹೇಳ್ರಿ ಯಜಮಾನ್ರ, ಎಷ್ಟಂತೀರಿ?” ಅಂದ.

ಅಪ್ಪ ಎಡಗೈಯಿಂದ ಟವಲು ಎಳೆದು ಬಲಗೈಯ ಮೇಲೆ ಹಾಕಿಕೊಂಡು ಮುಂದೆ ಚಾಚಿದ.

ರೈತ ನನ್ನ ಮುಖ ನೋಡಿದ. ಸುತ್ತ ಇದ್ದವರೂ ನೋಡಿದರು. ನಾನು ಹೌದೆನ್ನಲೋ ಬೇಡವೆನ್ನಲೋ ತಿಳಿಯದೆ ಎತ್ತಿನ ಬಾಲ ನೋಡುತ್ತ ನಿಂತೆ. ಅವನು ಸಂಕೋಚದಿಂದ ಕೈ ಒಳಗೆ ಹಾಕಿದ. ಟವಲು ಅಲುಗಾಡಿತು. ನಿಂತಿತು. ಮತ್ತೆ ಅಲುಗಾಡಿತು. ಅಪ್ಪನ ಹಣೆಯ ಮೇಲೆ ಬೆವರು ಬಂತು. ಇನ್ನು ಅವನು ತಿಳಿಯಲಿಲ್ಲ ಎನ್ನುತ್ತಾನೆ, ಬಾಯಿಲೆ ಹೇಳ್ರಿ ಎನ್ನುತ್ತಾನೆ, ಅಪ್ಪ ಮತ್ತೆ ಗೋಡೆಗೆ ಮುಖ ಮಾಡುತ್ತಾನೆ ಎಂದುಕೊಂಡೆ.

ರೈತ ಸರಕ್ಕನೆ ಕೈ ಹೊರಗೆಳೆದುಕೊಂಡ.

“ಇದೇನ ಕಿಮ್ಮತ್ತರಿ ಯಜಮಾನ್ರ? ಎತ್ತ ಮಾರ್ತೀರೋ ಊರ ಮಾರ್ತೀರೋ? ನನ್ನ ಏನ ಹುಚ್ಚ ಅಂತ ತಿಳದೀರಿ?” ಎಂದು ಸಿಟ್ಟಿನಿಂದ ಕೇಳಿದ. ಆಮೇಲೆ ತಿರುಗಿಯೂ ನೋಡದೆ ದನಗಳ ನಡುವೆ ನಡೆದುಹೋದ.

ಎತ್ತಿನವನು ತಲೆ ಮೇಲೆ ಕೈ ಹೊತ್ತುಕೊಂಡ. ನನಗೂ ಸಿಟ್ಟು ಬಂತು. ಇಷ್ಟು ದಿನದ ಮೇಲೆ ಬಂದು, ಮೊದಲ ವ್ಯವಹಾರವನ್ನೇ ದುರಾಸೆಯಿಂದ ಕೆಡಿಸಿಬಿಟ್ಟನಲ್ಲ ಎಂದು.

“ಸ್ವಲ್ಪ ಕಡಿಮಿ ಹೇಳಾಕ ಏನಾಗಿತ್ತಪ್ಪಾ? ಮುರೀತಲ್ಲ ಯವಾರ.”

ಅಪ್ಪ ನನ್ನ ಕಡೆ ತಿರುಗಿದ. ಕಣ್ಣಲ್ಲಿ ನೀರಿತ್ತು, ಬಾಯಿ ನಗುತ್ತಿತ್ತು.

“ಸಿಟ್ಟ ಮಾಡಿದ, ನೋಡಿದೇನ?” ಅಂದ. “ಅವಗ ತಿಳೀತು.”

ಅಪ್ಪ ಟವಲು ತೆಗೆಯಲಿಲ್ಲ. ಬಲಗೈಯನ್ನು ಹಾಗೇ ಮುಂದೆ ಚಾಚಿಕೊಂಡು ಮುಂದಿನ ಗಿರಾಕಿಗಾಗಿ ನಿಂತ.